ಇಪ್ಪತ್ತೈದು ಹೇಳಿಕೆಗಳ ಹಾಳೆ: ಶಾಲೆಗಳಿಗೆ ಎಸ್‌ಡಿಕ್ಯೂ ಪ್ರಶ್ನಾವಳಿ ಎಷ್ಟು ಉಪಯುಕ್ತ?

ಮಕ್ಕಳ ವರ್ತನೆ ಮತ್ತು ಭಾವನೆಗಳ ಆರೋಗ್ಯವನ್ನು ನೋಡಿಕೊಳ್ಳಬೇಕೆಂದು ಶಾಲೆಯೊಂದು ಮನಸ್ಸು ಮಾಡಿದಾಗ ಮೊದಲು ಎದುರಾಗುವ ಕಷ್ಟವೆಂದರೆ, ಯಾವ ಮಗುವಿಗೆ ನೆರವು ಬೇಕು ಎಂಬುದನ್ನು ತಿಳಿಯುವುದು. ಪಾಠದ ನಡುವೆ ಎದ್ದು ಓಡಾಡುವ, ಪಕ್ಕದವನಿಗೆ ಹೊಡೆಯುವ, ಎದುರುತ್ತರ ಕೊಡುವ ಮಗುವಿನ ಹೆಸರು ಶಿಕ್ಷಕರ ಕೊಠಡಿಯಲ್ಲಿ ದಿನವೂ ಕೇಳಿಬರುತ್ತದೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತು, ಕೇಳಿದಷ್ಟಕ್ಕೆ ಉತ್ತರ ಕೊಟ್ಟು, ಶಾಲೆ ಬಿಟ್ಟ ಮೇಲೆ ಯಾರೊಂದಿಗೂ ಸೇರದೆ ಹೊರಟುಹೋಗುವ ಮಗುವಿನ ಹೆಸರು ವರ್ಷವಿಡೀ ಯಾರ ಬಾಯಲ್ಲೂ ಬಾರದೆ ಹೋಗಬಹುದು. ಸರ್ಕಾರಿ ಶಾಲೆಗಳಲ್ಲಿ ತರಗತಿಗಳು ದೊಡ್ಡವು; ಆಪ್ತಸಮಾಲೋಚಕರಿದ್ದರೂ ಒಬ್ಬರೇ ನೂರಾರು ಮಕ್ಕಳನ್ನು ನೋಡಬೇಕಾಗುತ್ತದೆ; ಪಠ್ಯ ಮುಗಿಸುವ ಒತ್ತಡ ಎಲ್ಲರ ಮೇಲೂ ಇರುತ್ತದೆ. ಹೆಚ್ಚು ಹಣ ಬೇಡದ, ಶಿಕ್ಷಕರ ಸಮಯವನ್ನು ಹೆಚ್ಚು ಕಬಳಿಸದ, ಆದರೂ ಸದ್ದಿಲ್ಲದೆ ನೋಯುತ್ತಿರುವ ಮಗುವಿನತ್ತ ಬೆರಳು ತೋರಿಸಬಲ್ಲ ಸಾಧನವೊಂದು ಇದೆ ಎಂದಾಗ ಅದನ್ನು ಕೂಲಂಕಷವಾಗಿ ಪರಿಶೀಲಿಸುವುದು ಅಗತ್ಯ. ಎಸ್‌ಡಿಕ್ಯೂ ಎಂದು ಚಿಕ್ಕದಾಗಿ ಕರೆಯಲಾಗುವ ‘ಸ್ಟ್ರೆಂತ್ಸ್ ಅಂಡ್ ಡಿಫಿಕಲ್ಟೀಸ್ ಕ್ವೆಶ್ಚನೇರ್’ ಅಂಥದ್ದೊಂದು ಸಾಧನ.

ಇದನ್ನು ರೂಪಿಸಿದವರು ಬ್ರಿಟನ್ನಿನ ಮಕ್ಕಳ ಮನೋವೈದ್ಯ ರಾಬರ್ಟ್ ಗುಡ್‌ಮನ್. ಇದು ಮೊದಲು ಪ್ರಕಟವಾದದ್ದು 1997ರಲ್ಲಿ. ಅಲ್ಲಿಂದೀಚೆಗೆ ಹತ್ತಾರು ಭಾಷೆಗಳಿಗೆ ಅನುವಾದಗೊಂಡಿದೆ. ಇದರಲ್ಲಿರುವುದು ಒಟ್ಟು 25 ಚಿಕ್ಕ ಹೇಳಿಕೆಗಳು. ಪ್ರತಿ ಹೇಳಿಕೆಯ ಮುಂದೆ ‘ನಿಜವಲ್ಲ’, ‘ಸ್ವಲ್ಪ ಮಟ್ಟಿಗೆ ನಿಜ’, ‘ಖಂಡಿತ ನಿಜ’ ಎಂಬ ಮೂರು ಆಯ್ಕೆಗಳಿದ್ದು, ಕಳೆದ ಆರು ತಿಂಗಳ ಮಗುವಿನ ನಡವಳಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದನ್ನು ಗುರುತಿಸಬೇಕು. 4ರಿಂದ 17 ವರ್ಷದವರೆಗಿನ ಮಕ್ಕಳ ಬಗ್ಗೆ ಪೋಷಕರು ಮತ್ತು ಶಿಕ್ಷಕರು ತುಂಬುವ ನಮೂನೆಗಳು ಬೇರೆ ಬೇರೆ ಇವೆ. 11 ವರ್ಷ ದಾಟಿದ ಮಕ್ಕಳು ತಮ್ಮ ಬಗ್ಗೆ ತಾವೇ ತುಂಬುವ ನಮೂನೆಯೂ ಇದೆ. ಒಂದು ಮಗುವಿನ ಹಾಳೆಯನ್ನು ತುಂಬಲು ಐದು ನಿಮಿಷದ ಆಸುಪಾಸು ಸಾಕು.

ಅಂಕ ಕೊಡುವ ಕ್ರಮ ಸರಳವಾಗಿದೆ. ಹೇಳಿಕೆಗಳು ಐದೈದರಂತೆ ಐದು ಗುಂಪುಗಳಲ್ಲಿ ಸೇರುತ್ತವೆ: ಭಾವನಾತ್ಮಕ ತೊಂದರೆ, ದುರ್ವರ್ತನೆ, ಅತಿ ಚಟುವಟಿಕೆ ಮತ್ತು ಗಮನದ ಕೊರತೆ, ಓರಗೆಯವರೊಂದಿಗಿನ ಸಂಬಂಧದ ತೊಂದರೆ ಎಂಬ ನಾಲ್ಕು ಗುಂಪುಗಳು, ಮತ್ತು ಇತರರಿಗೆ ನೆರವಾಗುವ ಗುಣವನ್ನು ಅಳೆಯುವ ಐದನೆಯದು. ಪ್ರತಿ ಗುಂಪಿಗೂ 0ಯಿಂದ 10ರವರೆಗೆ ಅಂಕ. ಮೊದಲ ನಾಲ್ಕನ್ನು ಕೂಡಿದರೆ 40ಕ್ಕೆ ಒಟ್ಟು ತೊಂದರೆಯ ಅಂಕ ಸಿಗುತ್ತದೆ. ಶಿಕ್ಷಕರ ನಮೂನೆಯಲ್ಲಿ 11ರವರೆಗೆ ಇದ್ದರೆ ಸರಾಸರಿಗೆ ಹತ್ತಿರ, 12ರಿಂದ 15 ಇದ್ದರೆ ತುಸು ಹೆಚ್ಚು, 16ರಿಂದ 18 ಇದ್ದರೆ ಹೆಚ್ಚು, 19 ಮತ್ತು ಅದಕ್ಕೂ ಮೇಲೆ ಇದ್ದರೆ ತುಂಬ ಹೆಚ್ಚು ಎಂದು ಓದಿಕೊಳ್ಳಬೇಕು. ಹಿಂದೆ ಕೊನೆಯ ಎರಡನ್ನೂ ಒಂದಾಗಿಸಿದ ಮೂರೇ ಶ್ರೇಣಿಗಳಿದ್ದು, ಅವಕ್ಕೆ ‘ಸಾಮಾನ್ಯ’, ‘ಗಡಿರೇಖೆ’, ‘ಅಸಾಮಾನ್ಯ’ ಎಂಬ ಹೆಸರುಗಳಿದ್ದವು, ಹಳೆಯ ನಮೂನೆ ಬಳಸುವ ಕಡೆ ಈಗಲೂ ಇವೆ. ಹೊಸ ಹೆಸರುಗಳನ್ನೇ ಬಳಸಬೇಕೆಂದು ನಾನು ಒತ್ತಾಯಿಸುತ್ತೇನೆ. ಶಾಲೆಯ ಕಡತದಲ್ಲಿ ಒಮ್ಮೆ ‘ಅಸಾಮಾನ್ಯ’ ಎಂದು ಬರೆದದ್ದು ಮಗುವಿನ ಬೆನ್ನು ಬಿಡುವುದಿಲ್ಲ, ‘ಅಂಕ ಹೆಚ್ಚಿದೆ’ ಎಂದು ಬರೆದದ್ದನ್ನು ಮುಂದಿನ ವರ್ಷ ತಿದ್ದಬಹುದು. ಅಂಕ ಕೂಡುವವರು ಇನ್ನೊಂದು ಎಚ್ಚರ ವಹಿಸಬೇಕು. ಸಾಮಾನ್ಯವಾಗಿ ಹೇಳಿದ ಮಾತು ಕೇಳುತ್ತದೆ, ಕನಿಷ್ಠ ಒಬ್ಬ ಒಳ್ಳೆಯ ಸ್ನೇಹಿತನಿದ್ದಾನೆ ಎಂಬಂತಹ ಐದು ಹೇಳಿಕೆಗಳಿಗೆ ಅಂಕ ತಿರುವುಮುರುವು: ಇಲ್ಲಿ ‘ನಿಜವಲ್ಲ’ ಎಂಬುದಕ್ಕೇ ಹೆಚ್ಚು ಅಂಕ. ಆತುರದಲ್ಲಿ ಕೈಯಿಂದ ಕೂಡುವಾಗ ತಪ್ಪುಗಳು ನುಸುಳುವುದು ಬಹುತೇಕ ಇಲ್ಲಿಯೇ.

ಈ ಹಾಳೆಯ ಬಗ್ಗೆ ನನಗೆ ಮೊದಲ ಗೌರವ ಹುಟ್ಟಿಸಿದ್ದು ಅದರ ಧ್ವನಿ. ಬೇರೆಯವರ ಭಾವನೆಗಳನ್ನು ಗಮನಿಸುತ್ತದೆ ಎಂಬ ಹೇಳಿಕೆಯೊಂದಿಗೆ ಅದು ಶುರುವಾಗುತ್ತದೆ. ಚಿಕ್ಕ ಮಕ್ಕಳೊಂದಿಗೆ ಪ್ರೀತಿಯಿಂದ ನಡೆದುಕೊಳ್ಳುವುದು, ಯಾರಿಗಾದರೂ ನೋವಾದಾಗ ನೆರವಿಗೆ ಬರುವುದು ಮುಂತಾದ ಗುಣಗಳು ಕದಿಯುವುದು, ಸುಳ್ಳು ಹೇಳುವುದು, ಜಗಳವಾಡುವುದು ಎಂಬ ಹೇಳಿಕೆಗಳ ನಡುನಡುವೆ ಬರುತ್ತವೆ. ತರಗತಿಯ ಅತ್ಯಂತ ತುಂಟ ಮಗುವಿನ ಹಾಳೆಯನ್ನು ತುಂಬುವ ಶಿಕ್ಷಕಿಯೂ ಆ ಮಗು ತನ್ನದನ್ನು ಇತರರೊಂದಿಗೆ ಹಂಚಿಕೊಳ್ಳುತ್ತದೆಯೇ ಎಂದು ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತದೆ. ಆ ಕ್ಷಣಕ್ಕೆ ಬೆಲೆಯಿದೆ. ಮಗುವಿನ ದೋಷಗಳನ್ನು ಮಾತ್ರ ಪಟ್ಟಿ ಮಾಡಿ ಪೋಷಕರ ಕೈಗಿತ್ತರೆ ಅವರು ಮುದುಡಿಕೊಳ್ಳುತ್ತಾರೆ ಅಥವಾ ಸಿಟ್ಟಾಗುತ್ತಾರೆ. ಈ ಹಾಳೆ ಅವರೊಂದಿಗೆ ಮಾತು ಶುರುಮಾಡಲು ದಾರಿ ಬಿಡುತ್ತದೆ. ಇದೇ ಕೆಲಸಕ್ಕೆ ಬಳಸುವ, ನೂರಕ್ಕೂ ಹೆಚ್ಚು ಪ್ರಶ್ನೆಗಳಿರುವ ‘ಚೈಲ್ಡ್ ಬಿಹೇವಿಯರ್ ಚೆಕ್‌ಲಿಸ್ಟ್’ ಜೊತೆಗೆ 1999ರಲ್ಲಿ ಇದನ್ನು ಹೋಲಿಸಿ ನೋಡಿದಾಗ, ಚಿಕ್ಕ ಪ್ರಶ್ನಾವಳಿ ಮಕ್ಕಳನ್ನು ಗುರುತಿಸುವುದರಲ್ಲಿ ದೊಡ್ಡದಕ್ಕೆ ಸರಿಸಾಟಿಯಾಗಿತ್ತು. ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ವಿಷಯದಲ್ಲಿ ಒಂದು ಹೆಜ್ಜೆ ಮುಂದೆಯೇ ಇತ್ತು. ಹೆಚ್ಚಿನ ತೊಂದರೆಯಿಲ್ಲದ ಮಕ್ಕಳ ತಾಯಂದಿರಲ್ಲಿ ಇದನ್ನು ಮೆಚ್ಚಿದವರು ದೊಡ್ಡದನ್ನು ಮೆಚ್ಚಿದವರ ಎರಡರಷ್ಟಿದ್ದರು. ಎಲ್ಲ ಮಕ್ಕಳ ಮನೆಗೂ ಹಾಳೆ ಕಳುಹಿಸಬೇಕಾದ ಶಾಲೆಗೆ ಇದು ಸಣ್ಣ ವಿಷಯವಲ್ಲ. ಪೋಷಕರು ಅರ್ಧಕ್ಕೇ ಬಿಟ್ಟ ಪ್ರಶ್ನಾವಳಿಯಿಂದ ಯಾವ ಮಗುವಿಗೂ ಉಪಯೋಗವಿಲ್ಲ.

ಆಗಾಗ ತಲೆನೋವು, ಹೊಟ್ಟೆನೋವು ಎನ್ನುತ್ತದೆ ಎಂಬ ಹೇಳಿಕೆಯನ್ನು ಭಾವನಾತ್ಮಕ ಗುಂಪಿನಲ್ಲಿ ಸೇರಿಸಿರುವುದನ್ನು ವಿಶೇಷವಾಗಿ ಮೆಚ್ಚಬೇಕು. ಮಕ್ಕಳು ತಮ್ಮ ಆತಂಕವನ್ನು ಎಷ್ಟೋ ಸಲ ದೇಹದ ಮೂಲಕವೇ ಹೇಳುತ್ತಾರೆ. ಪ್ರಾರ್ಥನೆಯ ಸಮಯಕ್ಕೆ ಸರಿಯಾಗಿ ಹೊಟ್ಟೆ ಹಿಡಿದುಕೊಳ್ಳುವ ಮಗುವನ್ನು ಪಾಠ ತಪ್ಪಿಸಲು ನಾಟಕವಾಡುತ್ತಿದೆ ಎಂದು ಗದರಿಸುವ ಮುನ್ನ ಇನ್ನೊಂದು ಸಾಧ್ಯತೆಯಿದೆ ಎಂದು ಈ ಒಂದು ಸಾಲು ನೆನಪಿಸುತ್ತದೆ.

ಹಾಳೆಯ ಹಿಂಬದಿಗೆ ಬರೋಣ. ನನ್ನ ದೃಷ್ಟಿಯಲ್ಲಿ ಇಡೀ ಪ್ರಶ್ನಾವಳಿಯ ಸತ್ವ ಇರುವುದು ಅಲ್ಲಿ, ಪರಿಣಾಮವನ್ನು ಕೇಳುವ ಪೂರಕ ಭಾಗದಲ್ಲಿ. ಒಟ್ಟಾರೆಯಾಗಿ ಈ ಮಗುವಿಗೆ ಭಾವನೆ, ಗಮನ, ವರ್ತನೆ ಅಥವಾ ಇತರರೊಂದಿಗೆ ಹೊಂದಿಕೊಳ್ಳುವ ವಿಷಯದಲ್ಲಿ ತೊಂದರೆ ಇದೆ ಎನಿಸುತ್ತದೆಯೇ ಎಂದು ಅದು ಮೊದಲು ಕೇಳುತ್ತದೆ. ಹೌದೆಂದರೆ, ಎಷ್ಟು ಕಾಲದಿಂದ ಇದೆ, ಅದರಿಂದ ಮಗುವಿಗೆ ಸಂಕಟವಾಗುತ್ತಿದೆಯೇ, ಗೆಳೆತನಕ್ಕೆ ಅಡ್ಡಿಯಾಗಿದೆಯೇ, ತರಗತಿಯ ಕಲಿಕೆಗೆ ತೊಡಕಾಗಿದೆಯೇ ಎಂದು ಮುಂದುವರಿಯುತ್ತದೆ. ಪೋಷಕರ ನಮೂನೆಯಲ್ಲಿ ಮನೆಯ ಬದುಕು ಮತ್ತು ಬಿಡುವಿನ ಚಟುವಟಿಕೆಗಳೂ ಸೇರುತ್ತವೆ. ಲಕ್ಷಣಗಳು ಎಷ್ಟಿವೆ ಎಂಬುದು ಒಂದು ವಿಷಯ, ಅವು ಮಗುವಿನ ದಿನವನ್ನು ಎಷ್ಟು ಕೆಡಿಸುತ್ತಿವೆ ಎಂಬುದು ಬೇರೆಯೇ ವಿಷಯ. ಒಂದೇ ಕಡೆ ಕೂರಲಾರದ, ಆದರೆ ಸ್ನೇಹಿತರ ನಡುವೆ ಸುಖವಾಗಿರುವ, ಪಾಠವನ್ನೂ ಹೇಗೋ ಹಿಡಿದುಕೊಳ್ಳುವ ಮಗುವಿಗೆ ಅಂಕ ಹೆಚ್ಚು ಬರಬಹುದು. ಇನ್ನೊಂದು ಮಗುವಿಗೆ ಕಡಿಮೆ ಅಂಕ ಬಂದಿರಬಹುದು, ಆದರೆ ಇರುವ ಒಂದೇ ಭಯ ಅದನ್ನು ಶಾಲೆಯ ಬಾಗಿಲಿನಲ್ಲೇ ತಡೆದು ನಿಲ್ಲಿಸಿರಬಹುದು. ಮೊದಲು ನೆರವು ಬೇಕಾಗಿರುವುದು ಈ ಎರಡನೆಯ ಮಗುವಿಗೆ. ಶಿಕ್ಷಕರ ನಮೂನೆಯಲ್ಲಿ ಆ ತೊಂದರೆ ತಮಗೆ ಅಥವಾ ತರಗತಿಗೆ ಹೊರೆಯಾಗಿದೆಯೇ ಎಂಬ ಪ್ರಶ್ನೆಯೂ ಇದೆ, ಆದರೆ ಅದರ ಉತ್ತರವನ್ನು ಪರಿಣಾಮದ ಅಂಕಕ್ಕೆ ಸೇರಿಸುವುದಿಲ್ಲ. ಇದೊಂದು ನ್ಯಾಯವಾದ ನಿರ್ಧಾರ: ಶಿಕ್ಷಕರ ದಣಿವನ್ನು ಕೇಳಿ ದಾಖಲಿಸುತ್ತದೆ, ಅದನ್ನು ಮಗುವಿನ ಲೆಕ್ಕಕ್ಕೆ ಹಾಕುವುದಿಲ್ಲ. ಇಷ್ಟು ಬೆಲೆಬಾಳುವ ಪುಟವನ್ನು ಕಾಗದ ಉಳಿಸಲೆಂದು ಬಿಟ್ಟು, ಮುಂಬದಿಯನ್ನು ಮಾತ್ರ ನೆರಳಚ್ಚು ಮಾಡಿ ಹಂಚುವ ರೂಢಿ ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ಮೂವರ ಕೈಯಿಂದ ಮೂರು ಹಾಳೆಗಳನ್ನು ತುಂಬಿಸಿದಾಗ ಅವು ಒಂದಕ್ಕೊಂದು ತಾಳೆಯಾಗುವುದು ಅಪರೂಪ. ಪ್ರಶ್ನಾವಳಿಯನ್ನು ಮೊದಲ ಸಲ ಬಳಸುವ ಶಾಲೆಗಳು ಇದನ್ನು ಕಂಡು ಗಲಿಬಿಲಿಗೊಳ್ಳುತ್ತವೆ, ಯಾರು ಹೇಳಿದ್ದು ಸರಿ ಎಂದು ತೀರ್ಪು ಕೊಡಲು ಹೊರಡುತ್ತವೆ. ಅದರ ಅಗತ್ಯವಿಲ್ಲ. ಮನೆಯಲ್ಲಿ ಮಗು ಒಂದು ರೀತಿ, ತರಗತಿಯಲ್ಲಿ ಇನ್ನೊಂದು ರೀತಿ ಇರುವುದು ಸಹಜ, ಮತ್ತು ನೋಡುವವರ ಕಣ್ಣಿಗೆ ಬೀಳುವುದೂ ಬೇರೆ ಬೇರೆ. ಗಮನ ಚದುರುವುದು, ಜಗಳ, ಚಡಪಡಿಕೆ ಇವು ಶಿಕ್ಷಕರಿಗೆ ಸ್ಪಷ್ಟವಾಗಿ ಕಾಣುತ್ತವೆ. ಒಳಗೊಳಗೇ ಕೊರೆಯುವ ಚಿಂತೆ ಮತ್ತು ದುಃಖ ಅವರಿಗೆ ಕಾಣುವುದು ಕಡಿಮೆ. ಹದಿಹರೆಯದವರ ದುಗುಡ ತಂದೆತಾಯಿಗೂ ಕಾಣದೆ ಹೋಗಬಹುದು. ಅದು ಅವರ ಸ್ವಂತ ಹಾಳೆಯಲ್ಲಿ ಮಾತ್ರ ಹೊರಬರುತ್ತದೆ. ಆದ್ದರಿಂದ 11 ವರ್ಷ ದಾಟಿದ ಮಕ್ಕಳಿರುವ ಶಾಲೆ ಶಿಕ್ಷಕರ ಹಾಳೆಯೊಂದನ್ನೇ ನೆಚ್ಚಿಕೊಂಡರೆ, ತಾನು ಹುಡುಕಲು ಹೊರಟ ಮೌನಿ ಮಕ್ಕಳನ್ನೇ ಮತ್ತೊಮ್ಮೆ ಕೈಬಿಟ್ಟಂತಾಗುತ್ತದೆ. ಮನೆಯ ಹಾಳೆಯಲ್ಲಿ ತೊಂದರೆಯೇ ಇಲ್ಲದೆ, ಶಾಲೆಯ ಹಾಳೆಯಲ್ಲಿ ಅಂಕ ಏರಿದ್ದರೆ ಶಾಲೆಯಲ್ಲೇ ಏನೋ ನಡೆಯುತ್ತಿರಬಹುದು. ಪಾಠ ಅರ್ಥವಾಗದಿರುವುದು, ಸಹಪಾಠಿಗಳ ಕಿರುಕುಳ, ಒಬ್ಬ ಶಿಕ್ಷಕರ ಬಗ್ಗೆ ಹೆದರಿಕೆ ಇವುಗಳಲ್ಲಿ ಯಾವುದು ಎಂದು ಹಾಳೆ ಹೇಳಲಾರದು, ಎಲ್ಲಿ ಕೇಳಬೇಕೆಂದು ಹೇಳುತ್ತದೆ.

ಇದರ ಲೆಕ್ಕ ಎಷ್ಟು ನಂಬಬಹುದು? ಬ್ರಿಟನ್ನಿನಲ್ಲಿ 5ರಿಂದ 15 ವರ್ಷದ 7,984 ಮಕ್ಕಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೋಷಕರು, ಶಿಕ್ಷಕರು ಮತ್ತು ದೊಡ್ಡ ಮಕ್ಕಳ ಹಾಳೆಗಳನ್ನು ಒಟ್ಟಿಗೆ ಓದಿದಾಗ, ಮಾನಸಿಕ ಕಾಯಿಲೆ ಇದ್ದ ಮಕ್ಕಳಲ್ಲಿ ಶೇ 63.3ರಷ್ಟು ಮಂದಿಯನ್ನು ಅದು ಗುರುತಿಸಿತು. ಕಾಯಿಲೆ ಇಲ್ಲದವರಲ್ಲಿ ಶೇ 94.6ರಷ್ಟು ಮಂದಿಯನ್ನು ಸರಿಯಾಗಿಯೇ ಬಿಟ್ಟಿತು. ಕೇಳಲು ಚೆನ್ನಾಗಿರುವ ಈ ಸಂಖ್ಯೆಗಳನ್ನು ಒಂದು ಶಾಲೆಯ ಮಟ್ಟಕ್ಕೆ ಇಳಿಸಿ ನೋಡಬೇಕು. ಸಾವಿರ ಮಕ್ಕಳ ಶಾಲೆಯಲ್ಲಿ ನೂರು ಮಕ್ಕಳಿಗೆ ನಿಜವಾದ ತೊಂದರೆ ಇದೆ ಎಂದುಕೊಳ್ಳೋಣ. ಆ ನೂರರಲ್ಲಿ ಸುಮಾರು 63 ಮಕ್ಕಳು ಸಿಕ್ಕುತ್ತಾರೆ, 37 ಮಕ್ಕಳು ತಪ್ಪಿಹೋಗುತ್ತಾರೆ. ಉಳಿದ ಒಂಬೈನೂರರಲ್ಲಿ ಸುಮಾರು 49 ಮಕ್ಕಳ ಹೆಸರು ಕಾರಣವಿಲ್ಲದೆ ಪಟ್ಟಿಗೆ ಬರುತ್ತದೆ. ಅಂದರೆ ಪಟ್ಟಿಯಲ್ಲಿ ಸೇರುವ ಹೆಚ್ಚುಕಡಿಮೆ 112 ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಮಾತ್ರ ನಿಜವಾದ ತೊಂದರೆ. ಮೂರೂ ಕಡೆಯ ಹಾಳೆಗಳು ಸಿಕ್ಕಾಗ ದೊರೆತ ಫಲಿತಾಂಶ ಇದು. ಒಂದೇ ಹಾಳೆ ಇದ್ದಲ್ಲಿ ಇಷ್ಟನ್ನೂ ನಿರೀಕ್ಷಿಸುವಂತಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಗುವಿಗೆ ಕಾಯಿಲೆ ಇದೆ ಎನ್ನಲಾಗದು, ಹೆಸರು ಬಾರದ ಮಾತ್ರಕ್ಕೆ ಕ್ಷೇಮವಾಗಿದೆ ಎಂದೂ ನೆಮ್ಮದಿಪಡಲಾಗದು. ಯಾವ ಮಕ್ಕಳು ತಪ್ಪಿಹೋಗುತ್ತಾರೆ ಎಂಬುದೂ ಅದೇ ಅಧ್ಯಯನದಿಂದ ತಿಳಿಯುತ್ತದೆ. ದುರ್ವರ್ತನೆ, ಅತಿ ಚಟುವಟಿಕೆ, ಖಿನ್ನತೆ ಇದ್ದವರಲ್ಲಿ ಶೇ 70ಕ್ಕಿಂತ ಹೆಚ್ಚು ಮಂದಿ ಸಿಕ್ಕಿದರೆ, ನಿರ್ದಿಷ್ಟ ವಸ್ತುವಿನ ವಿಪರೀತ ಭಯ, ಮನೆಯವರನ್ನು ಅಗಲಿರಲಾರದ ಆತಂಕ, ಆಹಾರ ಸೇವನೆಗೆ ಸಂಬಂಧಿಸಿದ ಕಾಯಿಲೆ ಇದ್ದವರಲ್ಲಿ ಅರ್ಧದಷ್ಟು ಮಂದಿಯೂ ಸಿಗಲಿಲ್ಲ. ಊಟ ಬಿಟ್ಟು ಸೊರಗುತ್ತಿರುವ ಹದಿಹರೆಯದ ಹುಡುಗಿಯನ್ನು ಈ ಹಾಳೆ ಕಂಡುಹಿಡಿಯುತ್ತದೆಂದು ಯಾವ ಶಾಲೆಯೂ ಕಾಯಬಾರದು.

ಕೊರತೆಗಳು ಇನ್ನೂ ಇವೆ. ತನಗೆ ತಾನೇ ಗಾಯ ಮಾಡಿಕೊಳ್ಳುವ ಅಥವಾ ಸಾಯುವ ಯೋಚನೆಯ ಬಗ್ಗೆ ಇಲ್ಲಿ ಒಂದೂ ಹೇಳಿಕೆಯಿಲ್ಲ. ಎಲ್ಲ ಮಕ್ಕಳಿಗೂ ಹಂಚುವ ಹಾಳೆಯಲ್ಲಿ ಅದನ್ನು ಸೇರಿಸದಿರಲು ಕಾರಣಗಳಿರಬಹುದು, ಆದರೆ ದೊಡ್ಡ ಮಕ್ಕಳೊಂದಿಗೆ ಮುಂದಿನ ಮಾತುಕತೆ ನಡೆಸುವವರು ಆ ಪ್ರಶ್ನೆಯನ್ನು ನೇರವಾಗಿ, ಹೆದರದೆ, ಮೃದುವಾಗಿ ಕೇಳಲೇಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಓರಗೆಯವರ ಸಂಬಂಧವನ್ನು ಅಳೆಯುವ ಗುಂಪು ಐದರಲ್ಲಿ ದುರ್ಬಲವಾದದ್ದು: ಒಂಟಿಯಾಗಿ ಆಡುವುದು, ಇತರರಿಂದ ಪೀಡನೆಗೆ ಒಳಗಾಗುವುದು, ತನ್ನ ವಯಸ್ಸಿನವರಿಗಿಂತ ದೊಡ್ಡವರೊಂದಿಗೆ ಚೆನ್ನಾಗಿರುವುದು ಮುಂತಾದ, ಸ್ವಭಾವದಲ್ಲೇ ಬೇರೆಯಾದ ಸಂಗತಿಗಳನ್ನು ಒಂದೇ ಕಡೆ ಕೂಡಿಸುತ್ತದೆ. ಒಂಟಿಯಾಗಿ ಓದುತ್ತ ಕೂರುವುದರಲ್ಲಿ ಸಂತೋಷ ಕಾಣುವ ಮಗುವನ್ನೂ ಬೆದರಿಕೆಗೆ ಸಿಕ್ಕಿ ಮೂಲೆ ಸೇರಿದ ಮಗುವನ್ನೂ ಒಂದೇ ಅಂಕ ಹೇಗೆ ಹೇಳೀತು? ಇಲ್ಲಿ ಒಟ್ಟು ಅಂಕವನ್ನು ಪಕ್ಕಕ್ಕಿಟ್ಟು, ಪೀಡನೆಯ ಹೇಳಿಕೆಗೆ ಬಂದ ಉತ್ತರವನ್ನು ಪ್ರತ್ಯೇಕವಾಗಿ ಓದುವುದು ಒಳ್ಳೆಯದು. ಸಾಮಾನ್ಯ ಶಾಲಾಮಕ್ಕಳಲ್ಲಿ ಈ ಗುಂಪುಗಳು ಅಷ್ಟು ಸ್ಪಷ್ಟವಾಗಿ ಬೇರ್ಪಡುವುದಿಲ್ಲ ಎಂದು 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ತೋರಿಸಿತು. ಅಂತಹ ಕಡೆ ಭಾವನೆ ಮತ್ತು ಓರಗೆಯವರ ಗುಂಪುಗಳನ್ನು ಸೇರಿಸಿ ಒಳಮುಖ ತೊಂದರೆ ಎಂದೂ, ದುರ್ವರ್ತನೆ ಮತ್ತು ಅತಿ ಚಟುವಟಿಕೆಯನ್ನು ಸೇರಿಸಿ ಹೊರಮುಖ ತೊಂದರೆ ಎಂದೂ ಓದುವುದು ಹೆಚ್ಚು ಭದ್ರ. ಶಾಲೆಗಳು ಇದನ್ನು ರೂಢಿ ಮಾಡಿಕೊಂಡರೆ, ಎರಡು ಮೂರು ಅಂಕಗಳ ವ್ಯತ್ಯಾಸಕ್ಕೆ ಅತಿಯಾದ ಅರ್ಥ ಹಚ್ಚುವುದು ತಪ್ಪುತ್ತದೆ.

ಅಂಕಗಳ ಗಡಿಗಳು ಬ್ರಿಟನ್ನಿನ ಮಕ್ಕಳನ್ನು ಆಧರಿಸಿ, ಹತ್ತರಲ್ಲಿ ಎಂಟು ಮಕ್ಕಳು ಸರಾಸರಿಗೆ ಹತ್ತಿರದ ಶ್ರೇಣಿಯಲ್ಲಿ ಬರುವಂತೆ ನಿಗದಿಯಾದವು ಎಂಬುದನ್ನೂ ಮರೆಯಬಾರದು. ವಿಧೇಯತೆಯ ಬಗ್ಗೆ, ಚಟುವಟಿಕೆಯ ಬಗ್ಗೆ, ದೊಡ್ಡವರ ಮುಂದೆ ಮಗು ಎಷ್ಟು ಮಾತಾಡಬೇಕು ಎಂಬುದರ ಬಗ್ಗೆ ಎಲ್ಲ ಸಮಾಜಗಳ ನಿರೀಕ್ಷೆ ಒಂದೇ ಅಲ್ಲ. ಆಯಾ ಪ್ರದೇಶದ ಮಕ್ಕಳಿಂದ ಪಡೆದ ಗಡಿಗಳು ಇದ್ದರೆ ಅವನ್ನು ಬಳಸಬೇಕು. ಇಲ್ಲದಿದ್ದರೆ ಗಡಿಯನ್ನು ಗೆರೆಯಂತೆ ನೋಡದೆ, ಅದೇ ತರಗತಿಯ ಇತರ ಮಕ್ಕಳ ನಡುವೆ ಈ ಮಗು ಎಲ್ಲಿದೆ ಎಂದು ನೋಡುವುದು ವಿವೇಕ. ಓದು ಬಾರದ ಪೋಷಕರಿಗೆ ಯಾರಾದರೂ ಓದಿ ಹೇಳಬಹುದು, ಆದರೆ ಓದುವವರು ಆ ಮಗುವಿನ ಶಿಕ್ಷಕರೇ ಆಗಿದ್ದರೆ ಪೋಷಕರು ಅವರಿಗೆ ಹಿತವಾಗುವ ಉತ್ತರ ಕೊಡುವ ಸಾಧ್ಯತೆ ಹೆಚ್ಚು. ಹಕ್ಕುಗಳ ವಿಷಯವಾಗಿ ಒಂದೆರಡು ಮಾತು: ಲಾಭದ ಉದ್ದೇಶವಿಲ್ಲದೆ ಕಾಗದದ ಮೇಲೆ ಬಳಸುವವರಿಗೆ ಇದು ಉಚಿತ, ಹೇಳಿಕೆಗಳನ್ನು ತಿದ್ದಲು, ತಮ್ಮದೇ ಅನುವಾದ ಮಾಡಿಕೊಳ್ಳಲು, ಗಣಕಯಂತ್ರದ ಅಥವಾ ಮೊಬೈಲಿನ ನಮೂನೆಯಾಗಿ ಮಾಡಿಕೊಳ್ಳಲು ಅನುಮತಿಯಿಲ್ಲದೆ ಅವಕಾಶವಿಲ್ಲ. ಉತ್ಸಾಹದಿಂದ ಆನ್‌ಲೈನ್ ನಮೂನೆ ತಯಾರಿಸಲು ಹೊರಡುವ ಶಾಲೆಗಳು ಇದನ್ನು ಮೊದಲೇ ತಿಳಿದಿರಬೇಕು.

ಈ ಸಾಧನದ ಯಶಸ್ಸು ಹಾಳೆಯಿಂದ ಹೊರಗಿನ ಒಂದು ಸಂಗತಿಯ ಮೇಲೆ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂಕ ಹೆಚ್ಚು ಬಂದ ಮಗುವಿನೊಂದಿಗೆ ಯಾರು, ಯಾವಾಗ, ಎಲ್ಲಿ ಕುಳಿತು ಮಾತಾಡುತ್ತಾರೆ? ಇದಕ್ಕೆ ಉತ್ತರ ಸಿದ್ಧವಿಲ್ಲದ ಶಾಲೆ ಹಾಳೆಗಳನ್ನು ಹಂಚಬಾರದು. ಆಗಾಗ ಅಳು ಬರುತ್ತದೆ, ತುಂಬ ಭಯವಾಗುತ್ತದೆ ಎಂದು ತನ್ನ ಕೈಯಾರೆ ಗುರುತು ಮಾಡಿಕೊಟ್ಟ ಮಗು ಯಾರಾದರೂ ಬಂದು ಕೇಳುತ್ತಾರೆಂದು ಕಾಯುತ್ತದೆ. ಯಾರೂ ಬಾರದಿದ್ದರೆ, ಹೇಳಿಕೊಂಡರೂ ಪ್ರಯೋಜನವಿಲ್ಲ ಎಂಬ ಪಾಠವನ್ನು ಅದು ಕಲಿಯುವುದು ಶಾಲೆಯಿಂದಲೇ. ಕನಿಷ್ಠ ಇಷ್ಟಾದರೂ ಮೊದಲೇ ತೀರ್ಮಾನವಾಗಿರಬೇಕು: ಹಾಳೆಗಳನ್ನು ನೋಡುವವರು ಇಬ್ಬರು ಮೂವರಿಗಿಂತ ಹೆಚ್ಚಿರಬಾರದು, ಅಂಕಗಳು ಶಿಕ್ಷಕರ ಕೊಠಡಿಯ ಚರ್ಚೆಗೆ, ಮಗುವಿನ ತೇರ್ಗಡೆ ಅಥವಾ ಶಿಸ್ತುಕ್ರಮದ ಕಡತಕ್ಕೆ ಹೋಗಬಾರದು, ಪೋಷಕರ ಒಪ್ಪಿಗೆ ಪಡೆದಿರಬೇಕು, ಪಟ್ಟಿಗೆ ಬಂದ ಪ್ರತಿ ಮಗುವಿನೊಂದಿಗೆ ಕೆಲವೇ ವಾರಗಳಲ್ಲಿ ಮಾತುಕತೆ ನಡೆಯಬೇಕು, ಶಾಲೆಯ ಶಕ್ತಿಗೆ ಮೀರಿದ ತೊಂದರೆಗೆ ಯಾವ ಮಾನಸಿಕ ಆರೋಗ್ಯ ಸೇವೆಗೆ ಕಳುಹಿಸಬೇಕೆಂಬುದು ಗೊತ್ತಿರಬೇಕು. ಸಾವಿರ ಮಕ್ಕಳ ಪಟ್ಟಿಯಿಂದ ನೂರಕ್ಕೂ ಹೆಚ್ಚು ಹೆಸರುಗಳು ಬರುತ್ತವೆ ಎಂದು ಮೇಲಿನ ಲೆಕ್ಕವೇ ಹೇಳುತ್ತದೆ. ಅಷ್ಟು ಮಕ್ಕಳನ್ನು ಒಬ್ಬ ಆಪ್ತಸಮಾಲೋಚಕರು ನೋಡಲಾಗದಿದ್ದರೆ ಇಡೀ ಶಾಲೆಗೆ ಒಮ್ಮೆಗೇ ಕೊಡುವ ಬದಲು ಒಂದೆರಡು ತರಗತಿಗಳಿಂದ ಶುರುಮಾಡುವುದು ಪ್ರಾಮಾಣಿಕವಾದ ದಾರಿ. ಪ್ರಾಥಮಿಕದಿಂದ ಪ್ರೌಢಶಾಲೆಗೆ ಆಗತಾನೇ ಬಂದ ಮಕ್ಕಳಿಗೆ ಆದ್ಯತೆ ಕೊಡಬೇಕೆಂದು ನಾನು ಹೇಳುತ್ತೇನೆ, ಏಕೆಂದರೆ ಹಳೆಯ ಗೆಳೆತನಗಳು ಕಳಚಿ, ಹೊಸ ಶಿಕ್ಷಕರಿಗೆ ಅವರ ಪರಿಚಯವಾಗದೆ ಇರುವ ಕಾಲ ಅದು.

ನೆರವು ಕೊಟ್ಟ ಮೇಲೆ ಮತ್ತೆ ಅಳೆಯಲು ಬೇರೆಯೇ ನಮೂನೆ ಇದೆ. ಅದು ಆರು ತಿಂಗಳ ಬದಲು ಕಳೆದ ಒಂದು ತಿಂಗಳ ಬಗ್ಗೆ ಕೇಳುತ್ತದೆ, ಮತ್ತು ತೊಂದರೆ ಕಡಿಮೆಯಾಗಿದೆಯೇ, ಸಿಕ್ಕ ನೆರವು ಬೇರೆ ರೀತಿಯಲ್ಲಾದರೂ ಉಪಯೋಗವಾಯಿತೇ ಎಂಬ ಎರಡು ಪ್ರಶ್ನೆಗಳನ್ನು ಸೇರಿಸುತ್ತದೆ. ಅಂಕ ಇಳಿದಿದೆ ಎಂದು ಕಂಡಕೂಡಲೇ ಶಾಲೆ ತನ್ನ ಕಾರ್ಯಕ್ರಮ ಗೆದ್ದಿತೆಂದು ವರದಿ ಬರೆಯಬಾರದು. ಅತಿ ಹೆಚ್ಚು ಅಂಕ ಬಂದಾಗ ಆರಿಸಿಕೊಂಡ ಮಕ್ಕಳ ಅಂಕ ಎರಡನೆಯ ಸಲ ಯಾವ ನೆರವಿಲ್ಲದೆಯೂ ಸ್ವಲ್ಪ ಇಳಿಯುತ್ತದೆ, ಏಕೆಂದರೆ ಮೊದಲ ಹಾಳೆಯನ್ನು ತುಂಬಿದ್ದು ಅವರ ಕೆಟ್ಟ ದಿನಗಳಲ್ಲಿ. ಆದ್ದರಿಂದ ಅಂಕದ ಜೊತೆಗೆ ಹಾಜರಿ, ಗೆಳೆತನ, ತರಗತಿಯಲ್ಲಿ ಭಾಗವಹಿಸುವಿಕೆ ಇವನ್ನೂ ನೋಡಬೇಕು, ಎಲ್ಲಕ್ಕಿಂತ ಮೊದಲು ಮಗುವನ್ನೇ ಕೇಳಬೇಕು.

ಇಷ್ಟು ಮಿತಿಗಳನ್ನು ತೂಗಿ ನೋಡಿದ ಮೇಲೂ ಸರ್ಕಾರಿ ಶಾಲೆಗಳಿಗೆ ನಾನು ಈ ಪ್ರಶ್ನಾವಳಿಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಇದಕ್ಕಿಂತ ವಿವರವಾದ ಸಾಧನಗಳಿಗೆ ಹಣ, ತರಬೇತಿ, ಸಮಯ ಮೂರೂ ಬೇಕು, ಮತ್ತು ಈ ಮೂರೂ ಕಡಿಮೆ ಇರುವ ಕಡೆಯೇ ಮಕ್ಕಳ ಸಂಖ್ಯೆ ಹೆಚ್ಚು. ಶಾಲೆ ಶುರುವಾದ ಮೊದಲ ವಾರಗಳಲ್ಲಿ ಇದನ್ನು ತುಂಬಿಸಬೇಡಿ, ಶಿಕ್ಷಕರಿಗೆ ಮಕ್ಕಳ ಪರಿಚಯವಾಗಿರುವುದಿಲ್ಲ; ಪರೀಕ್ಷೆಯ ಹೊಸ್ತಿಲಲ್ಲೂ ಬೇಡ. ತರಗತಿಗಳು ಒಂದು ಹದಕ್ಕೆ ಬಂದು ಎರಡು ಮೂರು ತಿಂಗಳಾದ ಮೇಲೆ, ಎರಡೂ ಬದಿ ಅಚ್ಚಾದ ನಮೂನೆಯಲ್ಲಿ, ಮುಂದಿನ ಮಾತುಕತೆಗೆ ಸಮಯ ಕಾದಿರಿಸಿದ ನಂತರವೇ ಶುರುಮಾಡಿ.